ಪೂರಾ ಆಹಾರ

ಲಿಫ್ಟ್ ನಡೆಸುವವರಿಗೆ ಇಡೀ ಮಾತು ಯಾವತ್ತೂ ಸಿಗುವುದಿಲ್ಲ. ಮೂರನೇ ಮಹಡಿಯಲ್ಲಿ ಹತ್ತುವವರು ಅರ್ಧ ಮಾತು ಆಗಲೇ ಆಡಿ ಮುಗಿಸಿರುತ್ತಾರೆ. ಏಳನೆಯದರಲ್ಲಿ ಇಳಿಯುವಾಗ ಮಿಕ್ಕದ್ದನ್ನು ತಮ್ಮ ಜೊತೆಗೇ ಒಯ್ಯುತ್ತಾರೆ. ನಡುವೆ ಉದುರಿದ್ದೇ ನಮ್ಮ ಪಕ್ಕದ ಮನೆಯವನ ವಿದ್ಯೆ. ವರ್ಷಗಟ್ಟಲೆ ಹೀಗೆ ತುಂಡು ತುಂಡು ಜ್ಞಾನ ಕೂಡಿಹಾಕಿಕೊಂಡು ಅವನು ಸರ್ವಜ್ಞನಾಗಿಬಿಟ್ಟಿದ್ದ. ಯಾರು ಏನು ಹೇಳಲು ಬಾಯಿ ತೆರೆದರೂ "ಗೊತ್ತು, ಗೊತ್ತು" ಎಂದು ಮುಚ್ಚಿಸುತ್ತಿದ್ದ. ಹಾಗಾಗಿ ನಮ್ಮ ಸಾಲುಮನೆಗಳ ಮಂದಿ ಅವನಿಗೆ ಗೊತ್ತಪ್ಪ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದು ಎಂದೇ ತಿಳಿದಿದ್ದ.

ನಾನು ಬಟ್ಟೆ ಹೊಲಿಯುವವಳು. ಮಿಷನ್ ಅಕ್ಕ ಎಂದರೆ ಇಲ್ಲಿ ಯಾರು ಬೇಕಾದರೂ ನನ್ನ ಬಾಗಿಲು ತೋರಿಸುತ್ತಾರೆ. ನನ್ನ ಮಿಷನ್ ಇರುವುದು ಗೊತ್ತಪ್ಪನ ಮನೆಗೂ ನನ್ನ ಮನೆಗೂ ಸೇರಿದ ಒಂದೇ ಗೋಡೆಯ ಪಕ್ಕ. ಆ ಗೋಡೆ ಎಷ್ಟು ತೆಳುವೆಂದರೆ, ಅವರ ಮನೆಯಲ್ಲಿ ಯಾರಾದರೂ ಸೀನಿದರೆ ನಾನು ಮೂಗು ಒರೆಸಿಕೊಳ್ಳಬೇಕು. ನಾನು ಕದ್ದು ಕೇಳುವವಳೆಂದು ಯಾರೂ ತಿಳಿಯಬಾರದು. ಮಿಷನ್ ನಿಲ್ಲಿಸಿದಾಗ ಮಾತ್ರ ಕೇಳುತ್ತದೆ. ಮಿಷನ್ ನಿಲ್ಲಿಸದೆ ಹೇಗೆ ಕೇಳುವುದು, ನೀವೇ ಹೇಳಿ.

ಗೊತ್ತಪ್ಪನ ಹೆಂಡತಿ ಹೆಣ್ಣುಕೂಸು ಹೆತ್ತಿದ್ದಳು. ಚೊಚ್ಚಲು. ಕೂಸು ಮುದ್ದಾಗಿತ್ತು, ಆದರೆ ಬೆಳೆಯುವ ಆತುರ ತೋರಿಸುತ್ತಿರಲಿಲ್ಲ. ತಾಯಿಯೂ ಅಷ್ಟೇ, ಗಾಳಿ ಬಂದರೆ ಬಾಗಿಲು ಹಿಡಿದು ನಿಲ್ಲಬೇಕಾದಂಥವಳು. ಆರೋಗ್ಯ ಕೇಂದ್ರದ ನರ್ಸಮ್ಮ ಇಬ್ಬರನ್ನೂ ತೂಗಿ ನೋಡಿ, "ಮುಂದಿನ ಸಲ ಮುಳ್ಳು ಮೇಲೇರ್ಬೇಕು. ಇಲ್ದಿದ್ರೆ ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕಾಗತ್ತೆ" ಎಂದು ಎಚ್ಚರಿಸಿದ್ದರು. ಬಡವರ ಮನೆಯ ಹಾಲುಣಿಸುವ ತಾಯಂದಿರಿಗೆಂದು ಹೊಸದಾಗಿ ಪೌಷ್ಟಿಕ ಪುಡಿ ಬರುತ್ತದೆ, ಬಂದು ಒಯ್ಯಿರಿ ಎಂದೂ ಹೇಳಿದ್ದರು. ಪುಡಿ ಬಂದ ದಿನ ಗೊತ್ತಪ್ಪನೇ ಹೋದ. ಕಥೆ ಕೆಟ್ಟದ್ದು ಅಲ್ಲೇ.

ಅಲ್ಲಿ ನಡೆದದ್ದನ್ನು ನರ್ಸಮ್ಮ ಆಮೇಲೆ ಹಣೆ ಚಚ್ಚಿಕೊಳ್ಳುತ್ತ ನನಗೆ ಹೇಳಿದರು. ಕೂಸು ಎತ್ತಿಕೊಂಡವರ ಸಾಲು ಬಾಗಿಲಾಚೆಗೂ ನಿಂತಿತ್ತು. ನರ್ಸಮ್ಮ ಪೊಟ್ಟಣಗಳ ಚೀಲ ಅವನ ಕೈಗಿಟ್ಟು, "ನೋಡಪ್ಪಾ, ದಿನಕ್ಕೆ ಎರಡು ಸಲ ಬಿಸಿನೀರಲ್ಲಿ ಕಲಸಿ ಕೊಡು. ಇದು ಪೂರಕ ಆಹಾರ, ಅಂದ್ರೆ..." ಎಂದರು.

"ಗೊತ್ತು, ಗೊತ್ತು. ಪೂರಾ ಆಹಾರ."

"ಹೂಂ, ಅದೇ. ಹಾಗಂತ ಊಟ ಬಿಡೋ..."

"ಗೊತ್ತು ನರ್ಸಮ್ಮ!"

ಅಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು. "ಹಾಗಿಲ್ಲ" ಎಂಬ ಕೊನೆಯ ಪದ ಬಾಗಿಲಿಗೆ ಬಡಿದು ಅಲ್ಲೇ ಉಳಿಯಿತು.

ಸಂಜೆ ಗೋಡೆಯಾಚೆ ಸಭೆ ಸೇರಿತು. ನಾನು ಮಿಷನ್ ನಿಲ್ಲಿಸಿದೆ. ಆಮೇಲೆ ಸೌಜನ್ಯಕ್ಕೆಂದು ಎದ್ದುಹೋಗಿ ಬಾಗಿಲಲ್ಲಿ ನಿಂತೆ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ನನಗಿಂತ ಮೊದಲೇ ಬಂದು ಕುರ್ಚಿ ಹಿಡಿದಿದ್ದರು. ಗೊತ್ತಪ್ಪ ಒಂದು ಪೊಟ್ಟಣವನ್ನು ಸ್ಟೂಲಿನ ಮೇಲಿಟ್ಟು ಭಾಷಣ ಶುರು ಮಾಡಿದ.

"ಇದರಲ್ಲಿ ಕಾಳಿದೆ, ಬೇಳೆ ಇದೆ, ಹಾಲಿನ ಪುಡಿ ಇದೆ, ಜೀವಸತ್ವ ಇದೆ. ಎಲ್ಲಾ ಪೂರಾ. ಅದಕ್ಕೇ ಇದಕ್ಕೆ ಪೂರಾ ಆಹಾರ ಅಂತಾರೆ. ಇದನ್ನ ತಿಂದೋರಿಗೆ ಇನ್ನು ಊಟ ಬೇಕಾಗಿಲ್ಲ."

"ಬೇಕಾಗಿಲ್ಲ ಅಂದ್ರೆ? ಅನ್ನ?" ಎಂದರು ಅವನ ತಾಯಿ.

"ಅನ್ನ ಬಂದ್."

"ಬಾಣಂತಿಗೆ ಅನ್ನ ಬಂದ್ ಅಂದ್ರೇನೋ? ಹಸೀ ಮೈ ಕಣೋ ಅವಳದು!"

"ಅಮ್ಮಾ, ಇದರ ಮೇಲೆ ಅನ್ನಾನೂ ಹಾಕಿದ್ರೆ ಡಬಲ್ ಆಗತ್ತೆ. ಡಬಲ್ ಆದ್ರೆ ಓವರ್‌ಲೋಡ್. ಓವರ್‌ಲೋಡ್ ಆದ್ರೆ ಏನಾಗತ್ತೆ ಹೇಳು? ನಡುವೆ ನಿಂತುಹೋಗತ್ತೆ."

"ಏನು ನಿಂತುಹೋಗತ್ತೆ?"

ಗೊತ್ತಪ್ಪ ಒಂದು ಗಳಿಗೆ ಯೋಚಿಸಿದ. ಲಿಫ್ಟ್ ಎನ್ನುವ ಹಾಗಿರಲಿಲ್ಲ. "ಹಾಲು" ಎಂದ.

ಮುದುಕಿ ಎದೆ ಹಿಡಿದುಕೊಂಡರು. ಹಾಲು ನಿಂತುಹೋಗುತ್ತದೆ ಎಂದ ಮೇಲೆ ಆ ಮನೆಯಲ್ಲಿ ಇನ್ನೊಂದು ಮಾತಿಗೆ ಜಾಗವಿರಲಿಲ್ಲ. ಆದರೂ ನಾನು ಬಿಡಲಿಲ್ಲ. "ಅಲ್ಲಪ್ಪಾ, ಇದು ಪೂರಾ ಆಹಾರ ಆದ್ರೆ ಆ ನರ್ಸಮ್ಮ ದಿನಾ ಮಧ್ಯಾಹ್ನ ಡಬ್ಬಿ ಬಿಚ್ಕೊಂಡು ಕೂರ್ತಾರಲ್ಲ, ಅದು ಯಾಕೆ?" ಎಂದೆ.

"ಅವರೇನು ಹಾಲುಣಿಸ್ತಾರಾ ಮಿಷನ್ ಅಕ್ಕ?" ಎಂದ. 

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಪೂರಾ ಅನ್ನೋದು ಪೂರ್ಣ ಶಬ್ದದ ರೂಪ. ಪೂರ್ಣ ಅಂದ್ಮೇಲೆ ಮುಗೀತು. ಅದಕ್ಕೆ ಇನ್ನೇನನ್ನ ಸೇರಿಸ್ತೀರಿ?" ಎಂದು ತೀರ್ಪು ಕೊಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮ ಬೀದಿಯಲ್ಲಿ ಹೀಗೆ ವ್ಯಾಕರಣ ಸಮೇತ ಸಿಗುತ್ತಾರೆ.

ಬಾಣಂತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಗೊತ್ತಪ್ಪ ಕೆಟ್ಟವನಲ್ಲ, ಅದನ್ನು ಹೇಳಲೇಬೇಕು. ಬೆಳಗ್ಗೆ ತಾನೇ ಎದ್ದು ನೀರು ಕಾಯಿಸಿ, ಗಂಟಾಗದ ಹಾಗೆ ಪುಡಿ ಕಲಸಿ, ಅವಳು ಕೊನೆಯ ಗುಟುಕು ಕುಡಿಯುವವರೆಗೂ ಮುಂದೆ ನಿಂತಿರುತ್ತಿದ್ದ. ಬೇರೆ ಯಾವ ಗಂಡ ಇಷ್ಟು ಮಾಡುತ್ತಾನೆ? ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಸಣ್ಣ ದನಿ ಕೇಳಿಸುತ್ತಿತ್ತು.

"ರೀ, ಹಸಿವಾಗ್ತಿದೆ."

"ಹಸಿವಾಯ್ತಾ? ಶಭಾಷ್! ಕೆಲಸ ಶುರು ಮಾಡ್ತು ನೋಡು!"

ಸಂಜೆ ಮತ್ತೆ, "ರೀ, ತುಂಬಾ ಹಸಿವು ರೀ."

"ಅಮ್ಮಾ, ಕೇಳಿದ್ಯಾ? ಬೆಳಗ್ಗೆಗಿಂತ ಜಾಸ್ತಿ ಕೆಲಸ ಮಾಡ್ತಿದೆ!"

ಅವಳ ಪಾಲಿನ ಅನ್ನ ಏನಾಯಿತು ಎನ್ನುತ್ತೀರಾ? ಮುದುಕಿ ಅಭ್ಯಾಸಬಲದಿಂದ ಮೂರು ಜನಕ್ಕೇ ಬೇಯಿಸುತ್ತಿದ್ದರು. ಉಳಿದದ್ದನ್ನು ಚೆಲ್ಲುವಷ್ಟು ಶ್ರೀಮಂತಿಕೆ ಆ ಮನೆಗಿರಲಿಲ್ಲ. "ಕೆಟ್ಟುಹೋಗತ್ತೆ, ತಿಂದುಬಿಡೋ" ಎಂದು ಮಗನ ತಟ್ಟೆಗೆ ಸುರಿಯುತ್ತಿದ್ದರು. ಅವನು ಮನೆಯ ಹಿತಕ್ಕಾಗಿ ಆ ಕಷ್ಟವನ್ನು ಸಹಿಸುತ್ತಿದ್ದ.

ಸ್ವಲ್ಪ ದಿನ ಹೀಗೇ ನಡೆಯಿತು. ಒಂದು ಬೆಳಗ್ಗೆ ಗೊತ್ತಪ್ಪ ತನ್ನ ಯೂನಿಫಾರ್ಮ್ ಪ್ಯಾಂಟು ತಂದು ನನ್ನ ಮಿಷನ್ ಮೇಲೆ ಹಾಕಿದ. "ಸೊಂಟದ ಹತ್ರ ಸ್ವಲ್ಪ ಬಿಡಿಸಿಕೊಡಿ ಅಕ್ಕ. ಬಟ್ಟೆ ಕುಗ್ಗಿದೆ" ಎಂದ. ಅವನು ಕೆಲಸಕ್ಕೆ ಹೋದ ಮೇಲೆ ಅವನ ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಕೈಯಲ್ಲಿ ಅವಳದೇ ಒಂದು ಅಂಗಿ. "ಎರಡೂ ಕಡೆ ಹಿಡಿದು ಹೊಲೀರಿ ಅಕ್ಕಾ. ಭುಜದಿಂದ ಜಾರ್ತಿದೆ" ಎಂದಳು.

ನಾನು ಪ್ಯಾಂಟು ನೋಡಿದೆ, ಅಂಗಿ ನೋಡಿದೆ. ಪೂರಾ ಆಹಾರ ತಿನ್ನುವವಳು ಇಳಿಯುತ್ತಿದ್ದಾಳೆ, ತಿನ್ನದವನು ಊದುತ್ತಿದ್ದಾನೆ. ಈ ಪುಡಿ ಹೆಂಡತಿ ಕುಡಿದರೆ ಗಂಡನಿಗೆ ಹತ್ತುವಂಥದ್ದೋ ಏನೋ. ಈ ಕಾಲದಲ್ಲಿ ಏನು ಬೇಕಾದರೂ ಆಗಬಹುದು, ನನಗಂತೂ ತಲೆಬುಡ ತಿಳಿಯಲಿಲ್ಲ.

"ಯಾಕಮ್ಮ ಹೀಗೆ ಸೊರಗಿದ್ದೀಯ?"

"ಅಕ್ಕಾ, ಯಾರಿಗೂ ಹೇಳ್ಬೇಡಿ. ಪೂರಾ ಆಹಾರ ತಿಂದೂ ಹಸಿವು ಅಂದ್ರೆ ನನ್ನಲ್ಲೇ ಏನೋ ಐಬಿರ್ಬೇಕು. ನಾನೇ ಹೊಟ್ಟೆಬಾಕಿ ಏನೋ. ಕೂಸು ಎದೆ ಚೀಪ್ತಾ ಇದ್ರೆ ಬೆನ್ನುಮೂಳೆನೇ ಎಳೆದಂಗಾಗತ್ತೆ. ಅದಕ್ಕೂ ಸಾಲ್ತಿಲ್ಲ, ಬಿಟ್ಟು ಅಳತ್ತೆ."

ನನ್ನ ಹತ್ತಿರ ಎರಡು ಬಾಳೆಹಣ್ಣಿದ್ದವು. ಒಂದನ್ನು ಸುಲಿದು ಅವಳ ಮುಂದೆ ಹಿಡಿದೆ. ಅವಳು ಗೋಡೆಯ ಕಡೆ ನೋಡಿದಳು. "ಬೇಡಕ್ಕಾ, ಡಬಲ್ ಆಗತ್ತಂತೆ. ಹಾಲು ನಿಂತುಹೋದ್ರೆ ಕೂಸಿನ ಗತಿ?" ಎಂದಳು. ಬೇಡ ಎಂದದ್ದು ಬಾಯಿ ಮಾತ್ರ, ಕಣ್ಣು ಹಣ್ಣಿನ ಮೇಲಿಂದ ಕದಲಲಿಲ್ಲ.  ಒತ್ತಾಯ ಮಾಡಿ ತಿನ್ನಿಸೋಣ ಎಂದರೆ, ತಿನ್ನಿಸಿ ನಿಜವಾಗಿಯೂ ಹಾಲು ನಿಂತರೆ ಪಾಪ ಯಾರ ತಲೆಗೆ? ಹಣ್ಣು ಕೈಯಲ್ಲೇ ಕಪ್ಪಾಯಿತು.

ಅವಳು ಹೋದ ಮೇಲೆ ಮೇಷ್ಟ್ರ ಮನೆಗೆ ಹೋದೆ. "ಮೇಷ್ಟ್ರೇ, ನೀವು ಓದಿದೋರು. ಆರೋಗ್ಯ ಕೇಂದ್ರಕ್ಕೆ ಹೋಗಿ, ಇದು ಪೂರಾ ಆಹಾರ ಹೌದೋ ಅಲ್ವೋ ಅಂತ ಒಂದು ಮಾತು ಕೇಳ್ಕೊಂಡು ಬನ್ನಿ" ಎಂದೆ. ನಾನೇ ಹೋಗಬಹುದಿತ್ತು. ಮದುವೆ ಮನೆಯೊಂದರ ಬಟ್ಟೆ ರಾಶಿ ಬಿದ್ದಿತ್ತು, ಹೋಗಲಿಲ್ಲ.

ಮೇಷ್ಟ್ರಿಗೆ ನೇರವಾಗಿ ಪ್ರಶ್ನೆ ಕೇಳಿ ಅಭ್ಯಾಸವಿಲ್ಲ. ಜೀವಮಾನವೆಲ್ಲ ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಕೇಳಿಕೊಂಡು ಬಂದವರು. ನರ್ಸಮ್ಮನ ಮುಂದೆ ನಿಂತು ಕೈಕಟ್ಟಿ, "ಏನಮ್ಮಾ, ಲಿಫ್ಟಿನವನಿಗೆ ಪೂರಾ ಕೊಟ್ಟಿದ್ದೀರಂತೆ?" ಎಂದರು.

"ಪೂರಾ? ಯಾರು ಹೇಳಿದ್ದು?"

"ಇಡೀ ಬೀದಿಗೇ ಗೊತ್ತಿದೆ. ಅವನೇ ಸಾರಿಕೊಂಡು ಬರ್ತಿದ್ದಾನೆ. ಪೂರಾ ಹೌದೋ ಅಲ್ವೋ, ಅಷ್ಟು ಹೇಳಿ."

ನರ್ಸಮ್ಮನ ಮುಖ ಬಿಳಿಚಿತು. ಬೇರೆಲ್ಲೋ ಒಂದು ಕಡೆ ಇದೇ ಪುಡಿ ಅಂಗಡಿಗೆ ಮಾರಾಟವಾಗಿ ದೊಡ್ಡ ಗಲಾಟೆಯಾಗಿತ್ತು. ಮೇಲಿನ ಸಾಹೇಬರು ಎಲ್ಲ ಕೇಂದ್ರಗಳ ಮೇಲೂ ಕಣ್ಣಿಟ್ಟಿದ್ದರು. ಈಗ ಯಾರೋ ಒಬ್ಬ, ನರ್ಸಮ್ಮ ನನಗೊಬ್ಬನಿಗೇ ದಾಸ್ತಾನು ಪೂರಾ ಕೊಟ್ಟಿದ್ದಾರೆ ಎಂದು ಸಾರಿಕೊಂಡು ತಿರುಗಿದರೆ ಅವರ ಕೆಲಸ ಉಳಿಯುತ್ತದೆಯೇ? ಮೇಷ್ಟ್ರು ಹೊರಗೆ ಕಾಲಿಡುತ್ತಲೇ ನರ್ಸಮ್ಮ ತಾವೇ ಸಾಹೇಬರಿಗೆ ಫೋನ್ ಮಾಡಿ, ನನ್ನ ತಪ್ಪೇನೂ ಇಲ್ಲ ಸಾರ್, ನೀವೇ ಬಂದು ನೋಡಿ ಎಂದು ಬಿಕ್ಕಿದರು.

ಮೇಷ್ಟ್ರು ಬಂದು ನನಗೆ ವರದಿ ಕೊಟ್ಟರು. "ಪೂರಾ ಅಂದ ಕೂಡ್ಲೇ ಆಯಮ್ಮ ಬೆವೆತುಹೋದ್ರು. ವಿಷಯ ಗಹನವಾಗಿದೆ." ಕೇಳಿ ಬರಲು ಕಳಿಸಿದರೆ ಬೆವರು ನೋಡಿಕೊಂಡು ಬಂದ ಪುಣ್ಯಾತ್ಮ! ನನ್ನ ತಲೆ ಇನ್ನಷ್ಟು ಕೆಟ್ಟಿತು.

ಮರುದಿನ ಮಧ್ಯಾಹ್ನ ಬೀದಿಗೆ ಜೀಪು ಬಂತು. ಅಂದು ಗೊತ್ತಪ್ಪನಿಗೆ ರಜೆ, ಎರಡು ಪಾಲು ಉಂಡು ಬಾಗಿಲಲ್ಲಿ ಹಲ್ಲುಕಡ್ಡಿ ಹಿಡಿದು ನಿಂತಿದ್ದ. ಮುಂದಿನ ಸೀಟಿನಿಂದ ಸಾಹೇಬರು ಇಳಿದರು. ಹಿಂದಿನಿಂದ ನರ್ಸಮ್ಮ ತೂಕದ ಮಿಷನ್ ಹಿಡಿದು ಇಳಿದರು, ಕಣ್ಣು ಕೆಂಪಾಗಿತ್ತು. ನೋಡನೋಡುತ್ತಲೇ ಬೀದಿಯೆಲ್ಲ ಸೇರಿತು.

"ಪೂರಾ ನಿನ್ನ ಹತ್ರಾನೇ ಇರೋದಾ?" ಸಾಹೇಬರು ಗುಡುಗಿದರು.

ಗೊತ್ತಪ್ಪನ ಮುಖ ಅರಳಿತು. ತನ್ನ ಕೀರ್ತಿ ಜೀಪಿನವರೆಗೂ ಮುಟ್ಟಿದೆ ಎಂದುಕೊಂಡ. "ಹೌದು ಸಾರ್! ಈ ಬೀದೀಲಿ ನನ್ನ ಹತ್ರ ಮಾತ್ರ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಕಳ್ಳನನ್ನು ಸಾಹೇಬರು ಕಂಡಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, "ಯಾರು ಕೊಟ್ಟಿದ್ದು?" ಎಂದರು.

"ಇವರೇ ಸಾರ್, ನರ್ಸಮ್ಮ. ದೇವರಂಥೋರು. ಕೈಯಾರೆ ಕೊಟ್ರು."

"ಅಯ್ಯೋ ಸುಳ್ಳು ಸಾರ್! ನಾನು ಪೂರಾ ಕೊಟ್ಟಿಲ್ಲ!"

"ಪೂರಾ ಅಲ್ವಾ?" ಗೊತ್ತಪ್ಪ ಗಾಬರಿಯಾದ. "ಅವತ್ತು ನಿಮ್ಮ ಬಾಯಿಂದಾನೇ ಹೇಳಿದ್ರಲ್ಲ ನರ್ಸಮ್ಮ?"

"ನಾನ್ಯಾವಾಗ ಹೇಳಿದೆ?"

"ಚೀಲ ಕೊಡೋವಾಗ!"

"ಈಗ ಎಲ್ಲಿದೆ ಅದು?" ಸಾಹೇಬರು ನಡುವೆ ಬಂದರು. ಗೊತ್ತಪ್ಪ ಒಳಗೆ ಓಡಿ ಚೀಲ ತಂದ. ತಳದಲ್ಲಿ ಒಂದೆರಡು ಪೊಟ್ಟಣ ಮಾತ್ರ ಮಿಕ್ಕಿದ್ದವು.

"ಮಿಕ್ಕಿದ್ದು?"

"ನನ್ನ ಹೆಂಡ್ತಿ ತಿಂದ್ಲು ಸಾರ್."

"ಪೂರಾನೂ?"

"ಪೂರಾನೇ ಸಾರ್. ಬೇರೆ ಏನನ್ನೂ ಮುಟ್ಟಿಲ್ಲ, ಸತ್ಯವಾಗ್ಲೂ."

"ಒಂದು ಕೇಂದ್ರದ ದಾಸ್ತಾನು ಒಬ್ಬಳೇ ತಿಂದ್ಲಾ? ಕರೀರಿ ಅವಳನ್ನ!"

ಬಾಣಂತಿ ಬಂದು ಬಾಗಿಲಿಗೆ ಒರಗಿ ನಿಂತಳು. ಬೀದಿಯೆಲ್ಲ ಅವಳನ್ನು ನೋಡಿತು. ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇವಳಾ?" ಎಂದರು. ಮತ್ತೆ ಗೊತ್ತಪ್ಪನ ಹೊಟ್ಟೆ ನೋಡಿದರು. ಅವರಿಗೆ ಲೆಕ್ಕ ಹತ್ತಲಿಲ್ಲ. ಮೇಷ್ಟ್ರು ಮುಂದೆ ಬಂದು, ಪೂರಾ ಶಬ್ದದ ಮೂಲವನ್ನು ವಿವರಿಸಲೇ ಎಂದರು. ಗೊತ್ತಪ್ಪನ ತಾಯಿ, "ನಮ್ಮ ಸೊಸೆ ಕಳ್ಳಿ ಅಲ್ಲ, ಬೇಕಾದ್ರೆ ಅಡುಗೆಮನೆ ಹುಡುಕ್ಕೊಳ್ಳಿ" ಎಂದು ಅಡ್ಡ ನಿಂತರು. ಎಲ್ಲರೂ ಒಟ್ಟಿಗೇ ಮಾತಾಡಿದರು, ಯಾರೂ ಕೇಳಿಸಿಕೊಳ್ಳಲಿಲ್ಲ.

ಈ ಗದ್ದಲದಲ್ಲಿ ನರ್ಸಮ್ಮ ಒಬ್ಬರೇ ತಮ್ಮ ಕೆಲಸ ಮಾಡಿದರು. ಬಾಣಂತಿಯನ್ನು ಮೆಲ್ಲಗೆ ತೂಕದ ಮೇಲೆ ನಿಲ್ಲಿಸಿದರು. ಮುಳ್ಳು ನೋಡಲು ಬಗ್ಗಿದವರು ಏಳಲಿಲ್ಲ. ಕೂಸನ್ನು ಅವಳ ಕೈಗೆ ಕೊಡಿಸಿ ಇನ್ನೊಮ್ಮೆ ತೂಗಿದರು.

"ಇದೇನಮ್ಮಾ, ನೀನು ಇಳಿದಿದ್ದೀಯ. ಕೂಸು ಅಲ್ಲೇ ಇದೆ. ಪುಡಿ ತಿಂತಿಲ್ವಾ?"

"ತಿಂತಿದ್ದೀನಿ ನರ್ಸಮ್ಮ. ಎರಡು ಹೊತ್ತೂ."

"ಮತ್ತೆ ಊಟ?"

ಅವಳು ಒಮ್ಮೆ ಗಂಡನನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಆಮೇಲೆ ಯಾರನ್ನೂ ನೋಡದೆ, "ಊಟಾನೂ ಮಾಡ್ಬಹುದಾ ನರ್ಸಮ್ಮ?" ಎಂದು ಕೇಳಿದಳು.

ಬಗ್ಗಿದ್ದ ನರ್ಸಮ್ಮ ಎದ್ದು ನಿಂತರು.

"ಮಾಡ್ಬಹುದಾ ಅಂದ್ರೆ? ಊಟ ಮಾಡಿ ಎಷ್ಟು ದಿನ ಆಯ್ತು ನೀನು?"

"ಪುಡಿ ಬಂದಾಗಿಂದ ಮಾಡಿಲ್ಲ. ಪೂರಾ ಆಹಾರ ಅಲ್ವಾ ಅದು? ಡಬಲ್ ಆದ್ರೆ ಹಾಲು ನಿಂತುಹೋಗತ್ತಂತೆ."

ನರ್ಸಮ್ಮ ಗೊತ್ತಪ್ಪನ ಕಡೆ ತಿರುಗಿದರು. ಅಳುತ್ತಿದ್ದ ನರ್ಸಮ್ಮ ಎಲ್ಲಿ ಹೋದರೋ, ಇದು ಬೇರೆಯೇ ನರ್ಸಮ್ಮ. "ಪೂರಕ ಕಣಯ್ಯಾ! ಪೂ-ರ-ಕ! ಊಟದ ಜೊತೆಗೆ, ಊಟದ ಮೇಲೆ! ಒಬ್ಬಳು ತಿಂದು ಇಬ್ಬರು ಬದುಕ್ಬೇಕು ಅಂತ ಜಾಸ್ತಿ ಕೊಟ್ರೆ, ನೀನು ಇದ್ದಿದ್ದನ್ನೂ ಕಿತ್ಕೊಂಡ್ಯಾ? ಪೂರಕದ 'ಕ' ಎಲ್ಲಿ ಹಾಕ್ದೆ?"

"ಕಕಾರಕ್ಕೆ ಲೋಪ ಬಂದಿದೆ" ಎಂದರು ಮೇಷ್ಟ್ರು, ಮೆಲ್ಲಗೆ.

"ನಿಮ್ಮ ವ್ಯಾಕರಣಕ್ಕೆ ಬೆಂಕಿ ಬೀಳ! ಆ ಒಂದಕ್ಷರ ಈ ಹುಡುಗಿ ಹೊಟ್ಟೆ ಸುಟ್ಟಿದೆ!"

ಗೊತ್ತಪ್ಪ ಬಾಯಿ ತೆರೆದ.  ಕೈಯಲ್ಲಿದ್ದ ಹಲ್ಲುಕಡ್ಡಿ ಬಿದ್ದುಹೋಯಿತು. ದಡಬಡ ಅಡುಗೆಮನೆಗೆ ಓಡಿ ಅನ್ನದ ಪಾತ್ರೆ ಎತ್ತಿಕೊಂಡು ಬಂದ. ಪಾತ್ರೆಯೊಳಗೆ ಬಗ್ಗಿ ನೋಡಿದ. ಕೆರೆದು ಉಂಡವನು ಅವನೇ, ಒಳಗೆ ಏನೂ ಇರಲಿಲ್ಲ. ಖಾಲಿ ಪಾತ್ರೆಯನ್ನು ತಬ್ಬಿಕೊಂಡು ಬೀದಿಯ ನಡುವೆ ನಿಂತ. ನಗು ಬರಬೇಕಾದ ನೋಟ, ಯಾರೂ ನಗಲಿಲ್ಲ.

ಅವನ ತಾಯಿ ಸೊಸೆಯ ಕೈ ಹಿಡಿದುಕೊಂಡು ಅಳತೊಡಗಿದರು. "ಇವನನ್ನ ಹೆತ್ತಾಗ ನಂಗೂ ಹೀಗೇ ಹಸಿವಾಗ್ತಿತ್ತಮ್ಮ. ಆಗ ಮನೇಲಿ ಇರ್ಲಿಲ್ಲ, ತಿನ್ಲಿಲ್ಲ. ಈಗ ಇದ್ದೂ ನಿಂಗೆ ಹಾಕ್ಲಿಲ್ವಲ್ಲ, ನನ್ನ ಕೈ ಸೇದಿಹೋಗ!" ಎಂದು ಕಣ್ಣೊರೆಸಿಕೊಂಡು ಒಲೆ ಹಚ್ಚಲು ಒಳಗೆ ಹೋದರು.

"ಅನ್ನ ಆಗೋವರೆಗೂ ಕಾಯಕ್ಕಾಗಲ್ಲ" ಎಂದ ನರ್ಸಮ್ಮ ಸೀದಾ ಜೀಪಿಗೆ ಹೋಗಿ, ಮುಂದಿನ ಸೀಟಿನಲ್ಲಿದ್ದ ಡಬ್ಬಿಯನ್ನು ಎತ್ತಿಕೊಂಡು ಬಂದರು.

"ರೀ, ಅದು ನನ್ನ ಡಬ್ಬಿ" ಎಂದರು ಸಾಹೇಬರು.

"ಹೌದು ಸಾರ್, ನಿಮ್ದೇ. ಈ ಕೂಸನ್ನ ಸ್ವಲ್ಪ ಹಿಡ್ಕೊಳ್ಳಿ."

ಸಾಹೇಬರು ಹಿಡಿದುಕೊಂಡರು. ಕೂಸು ಹಿಡಿಯುವುದೆಂದರೆ ಎಷ್ಟು ದೂರ ಹಿಡಿಯಬೇಕು ಎಂಬುದು ಅವರಿಗೆ ತಿಳಿದಂತಿರಲಿಲ್ಲ. "ಅಂದ್ರೆ ಕಳ್ಳತನ ಮಾಡಿದ್ದು ಯಾರು?" ಎಂದು ಅವರು ನನ್ನನ್ನು ಕೇಳಿದರು. ಯಾರೂ ಇಲ್ಲ ಸಾರ್, ಸುಮ್ನೆ ಜೋ ಜೋ ಅಂತ ತೂಗಿ ಎಂದೆ. ಅವರು ತೂಗಿದರು.

ಬಾಣಂತಿ ಹೊಸಿಲ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಅನ್ನ, ಬೇಳೆ, ಎರಡು ಬೇಯಿಸಿದ ಮೊಟ್ಟೆ. ಮೊದಲ ತುತ್ತು ಕೈಯಲ್ಲಿ ಹಿಡಿದು, ತಿನ್ನಲೋ ಬೇಡವೋ ಎಂಬಂತೆ ನರ್ಸಮ್ಮನ ಮುಖ ನೋಡಿದಳು. ತಿನ್ನಮ್ಮಾ ಎಂದರು ನರ್ಸಮ್ಮ. ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ. ನಾವಿಷ್ಟು ಜನ ಒಬ್ಬಳು ಉಣ್ಣುವುದನ್ನು ನೋಡುತ್ತ ನಿಂತೆವು. ಗೊತ್ತಪ್ಪ ನೀರಿನ ಲೋಟ ತಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವುದೂ ತೋಚಿರಲಿಲ್ಲ.

ಅಷ್ಟರಲ್ಲಿ ಸಾಹೇಬರ ಕೈಯಲ್ಲಿದ್ದ ಕೂಸು ಅಳಲು ಶುರುಮಾಡಿತು. ಅದು ಕುಂಯ್ ಎಂದರೆ ಕೈಲಿದ್ದುದನ್ನು ಬಿಟ್ಟು ಓಡುತ್ತಿದ್ದವಳು ಅವಳು. ಗೊತ್ತಪ್ಪನೂ ಅಭ್ಯಾಸದಂತೆ, "ಕೂಸು ಅಳ್ತಿದೆ ಕಣೇ" ಎಂದ.

ಅವಳು ಏಳಲಿಲ್ಲ. ಎರಡನೇ ಮೊಟ್ಟೆಯನ್ನು ನಿಧಾನವಾಗಿ ಅಗಿದು ನುಂಗಿದಳು, ಒಂದು ಗುಟುಕು ನೀರು ಕುಡಿದಳು. "ಅಳಲಿ. ಮೊದ್ಲು ನಾನು ಉಣ್ಬೇಕು" ಎಂದಳು. ಆಮೇಲೆ ಒಳಗಿನ ಕಡೆ ತಿರುಗಿ, "ಅತ್ತೇ, ಅನ್ನ ಆಯ್ತಾ?" ಎಂದು ಕೂಗಿದಳು.

ಅಷ್ಟು ದೊಡ್ಡ ದನಿ ಅವಳಿಗಿದೆ ಎಂದು ಇಷ್ಟು ದಿನ ಗೋಡೆಯ ಈಚೆ ಕೂತಿದ್ದ ನನಗೂ ತಿಳಿದಿರಲಿಲ್ಲ.

"ಬಂತು ಮಗಳೇ, ಬಂತು!" ಎಂದು ಮುದುಕಿ ತಟ್ಟೆಗೂ ಬಡಿಸದೆ, ಹೊಗೆಯಾಡುತ್ತಿದ್ದ ಪಾತ್ರೆಯನ್ನೇ ತಂದು ಸೊಸೆಯ ಮುಂದಿಟ್ಟರು.